ಕಚೇರಿಯ ಒತ್ತಡಕ್ಕೆ ಧ್ಯಾನ: ಏನು ಮಾಡಬಲ್ಲದು, ಏನು ಮಾಡಲಾರದು?

ನಿಟ್ಟೂರು (ಹೊಸನಗರ ತಾ.): ಕೊಲ್ಲೂರಿನಿಂದ ನಾಗೋಡಿ ಘಾಟಿಯನ್ನೇರಿ ಬರುವ ರಸ್ತೆ ನಿಟ್ಟೂರನ್ನು ಹಾದು ಮುಂದೆ ಸಾಗುತ್ತದೆ. ಪ್ರವಾಸಿಗರನ್ನು ತುಂಬಿಕೊಂಡು ಕೊಡಚಾದ್ರಿಗೆ ಹೊರಟ ಜೀಪುಗಳು ಓಡಾಡುವುದೂ ಇದೇ ಭಾಗದಲ್ಲಿ. ಸಮುದ್ರ ಮಟ್ಟದಿಂದ 1,343 ಮೀಟರ್ ಎತ್ತರದ ಆ ಗಿರಿಯ ನೆತ್ತಿಯಲ್ಲಿ ಪುಟ್ಟದೊಂದು ಕಲ್ಲುಮಂಟಪವಿದೆ. ಜನ ಅದನ್ನು ಸರ್ವಜ್ಞ ಪೀಠವೆಂದು ಕರೆಯುತ್ತಾರೆ. ಆದಿ ಶಂಕರಾಚಾರ್ಯರು ಅಲ್ಲಿ ಧ್ಯಾನಕ್ಕೆ ಕುಳಿತಿದ್ದರು ಎಂಬುದು ಪರಂಪರೆಯಿಂದ ಬಂದ ನಂಬಿಕೆ.

ಧ್ಯಾನವೆಂದೊಡನೆ ಬಹುಮಂದಿಯ ಕಣ್ಣೆದುರು ಮೂಡುವುದು ಇಂತಹುದೇ ಚಿತ್ರ: ಬೆಟ್ಟದ ತುದಿ, ಮಂಜು, ಏಕಾಂತ. ಆದರೆ ಇಂದು ಧ್ಯಾನದ ಅಗತ್ಯ ಹೆಚ್ಚು ಕಂಡುಬರುತ್ತಿರುವುದು ಬೆಟ್ಟದ ಬುಡದಲ್ಲಿ. ಕಡತಗಳು ಪೇರಿಸಿದ ಮೇಜಿನ ಮುಂದೆ, ಸರತಿ ನಿಂತ ಕೌಂಟರಿನ ಹಿಂದೆ, ಬೆಂಗಳೂರಿನ ಗಾಜಿನ ಕಟ್ಟಡಗಳ ಒಳಗೆ.

ಮಲೆನಾಡಿನ ಯಾವುದಾದರೊಂದು ಗ್ರಾಮದ ಸಹಕಾರ ಸಂಘದ ಕಚೇರಿಯನ್ನು ಊಹಿಸಿಕೊಳ್ಳಬಹುದು. ಮಾರ್ಚ್ ತಿಂಗಳು, ಬೆಳೆಸಾಲ ನವೀಕರಣದ ಅವಧಿ. ಇರುವ ಸಿಬ್ಬಂದಿ ಮೂವರೇ. ಬೆಳಗಿನಿಂದ ಸರ್ವರ್ ಇಲ್ಲ. ಮೇಲಿನ ಕಚೇರಿಯಿಂದ ಅಂಕಿಅಂಶ ಕೇಳಿ ನಾಲ್ಕನೆಯ ಬಾರಿ ಕರೆ ಬರುತ್ತದೆ. ಕಾರ್ಯದರ್ಶಿ ಗುಮಾಸ್ತರ ಮೇಲೆ ರೇಗುತ್ತಾರೆ. ಗುಮಾಸ್ತರು ಕೌಂಟರಿನ ಆಚೆ ಪಹಣಿ ಹಿಡಿದು ನಿಂತ ರೈತನ ಮೇಲೆ ಹರಿಹಾಯುತ್ತಾರೆ. ರೈತ ಆ ಸಿಟ್ಟನ್ನು ಮನೆಗೆ ಒಯ್ಯುತ್ತಾನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಹುಟ್ಟಿದ್ದು ಮನೆಯಲ್ಲಾದರೂ ಅದು ಹೆಚ್ಚು ನಿಜವಾಗಿರುವುದು ಕಚೇರಿಯಲ್ಲಿ!

ಈ ಸರಪಳಿಯನ್ನು ಎಲ್ಲಿಯಾದರೂ ತುಂಡರಿಸಲು ಸಾಧ್ಯವೇ? ಧ್ಯಾನದ ಪ್ರತಿಪಾದಕರು ಸಾಧ್ಯ ಎನ್ನುತ್ತಾರೆ. ವಿಜ್ಞಾನಿಗಳು ಒಂದು ಮಿತಿಯವರೆಗೆ ಹೌದು ಎನ್ನುತ್ತಾರೆ. ಆ ಮಿತಿ ಯಾವುದು ಎಂಬುದನ್ನು ಅರಿತು ಕಣ್ಣು ಮುಚ್ಚುವುದು ಒಳಿತು.

ದೇಹಕ್ಕೆ ಹುಲಿಯೂ ಒಂದೇ, ಹಾಜರಾತಿ ಪುಸ್ತಕವೂ ಒಂದೇ

ಒತ್ತಡ ಎಂಬುದು ಕೇವಲ ಮನಸ್ಸಿನ ಕಲ್ಪನೆಯಲ್ಲ, ಅದೊಂದು ದೈಹಿಕ ಕ್ರಿಯೆ. ಅಪಾಯದ ಸುಳಿವು ದೊರೆತೊಡನೆ ಮಿದುಳಿನೊಳಗಿನ ಬಾದಾಮಿ ಆಕಾರದ ಅಮಿಗ್ಡಲ ಎಂಬ ಭಾಗ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಹಾಗೂ ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುಗಡೆ ಮಾಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾದಾಡಲು ಇಲ್ಲವೇ ಓಡಲು ದೇಹ ಸಿದ್ಧವಾಗುತ್ತದೆ.

ಕಾಡಿನ ದಾರಿಯಲ್ಲಿ ಹುಲಿ ಎದುರಾದಾಗ ಜೀವ ಉಳಿಸುವ ವ್ಯವಸ್ಥೆ ಇದು. ತೊಂದರೆಯೆಂದರೆ, ಮೇಲಧಿಕಾರಿಯ ಗಡಸು ಧ್ವನಿ, ಸಹೋದ್ಯೋಗಿಯ ಕೊಂಕು ನುಡಿ, ರಾತ್ರಿ ಹತ್ತಕ್ಕೆ ಮೊಬೈಲಿನಲ್ಲಿ ಬಂದ ಸಂದೇಶ ಇವುಗಳಿಗೂ ದೇಹ ಹೆಚ್ಚುಕಡಿಮೆ ಹೀಗೆಯೇ ಪ್ರತಿಕ್ರಿಯಿಸುತ್ತದೆ. ಹುಲಿ ಬಂದು ಹೋಗುತ್ತದೆ. ಕಚೇರಿಯಾದರೋ ಮರುದಿನ ಬೆಳಿಗ್ಗೆ ಮತ್ತೆ ತೆರೆಯುತ್ತದೆ. ಹೀಗೆ ಎಚ್ಚರಿಕೆಯ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿದ ದೇಹದಲ್ಲಿ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸಹನೆ ಕುಗ್ಗುತ್ತದೆ.

ಇದು ಸಣ್ಣ ಸಂಗತಿಯಲ್ಲ. ದೀರ್ಘಕಾಲ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಸೇರಿಸಿತು. ಅದನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಹೆಸರಿಸಿದ್ದು ಗಮನಾರ್ಹ. ಅಂದರೆ ಈ ಬಳಲಿಕೆಯ ಬೇರು ವ್ಯಕ್ತಿಯಲ್ಲಿ ಮಾತ್ರವಲ್ಲ, ಆತನ ಕೆಲಸದಲ್ಲಿಯೂ ಇದೆ.

ಇದೇ ಸಂಸ್ಥೆ ಹಾಗೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಇಂತಹ ದೀರ್ಘ ದುಡಿಮೆಯಿಂದ ಬಂದ ಪಾರ್ಶ್ವವಾಯು ಹಾಗೂ ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7 ಲಕ್ಷ 45 ಸಾವಿರ ಮಂದಿ ಮೃತಪಟ್ಟರೆಂಬುದು ಆ ಅಂದಾಜು. ಖಿನ್ನತೆ ಹಾಗೂ ಆತಂಕದಿಂದಾಗಿ ವಿಶ್ವವು ಪ್ರತಿವರ್ಷ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂದು ಇವೇ ಸಂಸ್ಥೆಗಳು 2022ರಲ್ಲಿ ಹೇಳಿದವು.

ಸಣ್ಣ ಕಚೇರಿಯ ದೊಡ್ಡ ಸಂಕಟ

ಮಹಾನಗರದ ಕಂಪನಿಯಲ್ಲಿ ಸಹೋದ್ಯೋಗಿಯೊಂದಿಗೆ ಹೊಂದಾಣಿಕೆಯಾಗದಿದ್ದರೆ ತಂಡ ಬದಲಿಸಬಹುದು, ಕಂಪನಿಯನ್ನೇ ಬದಲಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದ ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಆ ಅವಕಾಶ ಕಡಿಮೆ. ಶಾಲೆಯಲ್ಲಿ ಇಬ್ಬರೇ ಶಿಕ್ಷಕರು, ಬ್ಯಾಂಕ್ ಶಾಖೆಯಲ್ಲಿ ನಾಲ್ವರು, ಉಪಕೇಂದ್ರದಲ್ಲಿ ಒಬ್ಬರು ಆರೋಗ್ಯ ಸಹಾಯಕಿ ಹಾಗೂ ಅವರೊಡನೆ ಊರೂರು ಸುತ್ತುವ ಆಶಾ ಕಾರ್ಯಕರ್ತೆಯರು. ಬೆಳಿಗ್ಗೆ ಜಗಳವಾಡಿದವರು ಸಂಜೆ ಒಂದೇ ಬಸ್ಸಿನಲ್ಲಿ ಮನೆಗೆ ಮರಳಬೇಕು, ಭಾನುವಾರ ಒಂದೇ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಕಚೇರಿಯ ವೈಮನಸ್ಯ ಊರಿನ ವೈಮನಸ್ಯವಾಗಲು ಹೆಚ್ಚು ಹೊತ್ತು ಬೇಕಿಲ್ಲ.

ನಗರದ ಒತ್ತಡ ಹಳ್ಳಿಗೆ ಬಂದಿರುವುದಕ್ಕೆ ಇನ್ನೊಂದು ದಾರಿಯೂ ಇದೆ. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನಿಂದ ಮಲೆನಾಡಿಗೆ ಮರಳಿದ ಯುವಕ ಯುವತಿಯರು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದನ್ನು ನಾಡು ಕಂಡಿದೆ. ಮನೆಯೇ ಕಚೇರಿಯಾದಾಗ ಸಹೋದ್ಯೋಗಿಯ ಮುಖ ಮರೆಯಾಗಿ ಆತನ ಸಂದೇಶ ಮಾತ್ರ ಉಳಿಯಿತು. ಮುಖಭಾವ, ಧ್ವನಿ, ನಗು ಯಾವುದೂ ಇಲ್ಲದ ಎರಡು ಸಾಲಿನ ಸಂದೇಶವನ್ನು ಅಪಾರ್ಥ ಮಾಡಿಕೊಳ್ಳುವುದು ಎಷ್ಟು ಸುಲಭವೆಂಬುದು ಅನುಭವಿಸಿದವರಿಗೆ ಗೊತ್ತು.

ಮೊದಲು ಕುಳಿತದ್ದು ಲೆಕ್ಕಪತ್ರ ಕಚೇರಿಯಲ್ಲಿ

ಕಚೇರಿಯಲ್ಲಿ ಧ್ಯಾನ ಎಂಬುದು ಅಮೆರಿಕದ ಸಾಫ್ಟ್‌ವೇರ್ ಕಂಪನಿಗಳು ಹುಟ್ಟುಹಾಕಿದ ಫ್ಯಾಷನ್ ಎಂಬ ಭಾವನೆ ಇದೆ. ಗೂಗಲ್ ತನ್ನ ನೌಕರರಿಗಾಗಿ ಧ್ಯಾನ ಆಧಾರಿತ ತರಬೇತಿ ಆರಂಭಿಸಿದ್ದು 2007ರಲ್ಲಿ. ಅದಕ್ಕೂ ಅರ್ಧ ಶತಮಾನದಷ್ಟು ಮುನ್ನವೇ ನೆರೆಯ ಬರ್ಮಾದ ಸರ್ಕಾರಿ ಕಚೇರಿಯೊಂದರಲ್ಲಿ ಈ ಪ್ರಯೋಗ ನಡೆದಿತ್ತು.

ಊ ಬಾ ಖಿನ್ ಎಂಬುವರು ರಂಗೂನಿನ ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತರಾಗಿ ಸೇರಿದವರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅದೇ ಇಲಾಖೆಯ ಮುಖ್ಯಸ್ಥರಾದರು. 1937ರಿಂದಲೇ ವಿಪಸ್ಸನ ಧ್ಯಾನದ ಅಭ್ಯಾಸದಲ್ಲಿದ್ದ ಅವರು 1950ರಲ್ಲಿ ತಮ್ಮ ಕಚೇರಿಯ ನೌಕರರಿಗಾಗಿಯೇ ವಿಪಸ್ಸನ ಸಂಘವೊಂದನ್ನು ಸ್ಥಾಪಿಸಿದರು. ಎರಡು ವರ್ಷಗಳ ತರುವಾಯ ರಂಗೂನಿನಲ್ಲಿ ಅಂತಾರಾಷ್ಟ್ರೀಯ ಧ್ಯಾನ ಕೇಂದ್ರವನ್ನೂ ಆರಂಭಿಸಿದರು. ಸಂಸಾರ ಬಿಡದೆ, ನೌಕರಿ ಬಿಡದೆ, ದಿನವಿಡೀ ಜಮಾಖರ್ಚಿನ ನಡುವೆ ಇದ್ದುಕೊಂಡೇ ಧ್ಯಾನ ಸಾಧ್ಯವೆಂಬುದಕ್ಕೆ ಅವರೇ ಉದಾಹರಣೆಯಾಗಿದ್ದರು.

ಅವರ ಶಿಷ್ಯರಲ್ಲಿ ಒಬ್ಬರು ಮಾಂಡಲೆಯಲ್ಲಿ ಜನಿಸಿದ ಭಾರತೀಯ ಮೂಲದ ಉದ್ಯಮಿ ಎಸ್. ಎನ್. ಗೋಯೆಂಕಾ. ಮೈಗ್ರೇನ್ ತಲೆನೋವಿನಿಂದ ಬಳಲಿ 1955ರಲ್ಲಿ ಊ ಬಾ ಖಿನ್ ಅವರ ಬಳಿ ಹೋದ ಗೋಯೆಂಕಾ, 1969ರಲ್ಲಿ ಭಾರತಕ್ಕೆ ಬಂದು ಈ ವಿಧಾನವನ್ನು ಕಲಿಸತೊಡಗಿದರು. ಬೆಂಗಳೂರಿನ ಹೊರವಲಯದ ‘ಧಮ್ಮ ಪಫುಲ್ಲ’ ಕೇಂದ್ರ ಇದೇ ಪರಂಪರೆಗೆ ಸೇರಿದ್ದು. ಹತ್ತು ದಿನಗಳ ಶಿಬಿರದಲ್ಲಿ ಸಾಧಕರು ಮೌನ ಪಾಲಿಸುತ್ತಾರೆ. ಶುಲ್ಕವಿಲ್ಲ, ಹಳೆಯ ಸಾಧಕರ ದೇಣಿಗೆಯಿಂದ ಶಿಬಿರ ನಡೆಯುತ್ತದೆ.

ಪಶ್ಚಿಮದಲ್ಲಿ ಧ್ಯಾನವನ್ನು ಆಸ್ಪತ್ರೆಯ ಅಂಗಳಕ್ಕೆ ತಂದವರು ಜಾನ್ ಕಬಾಟ್-ಜಿನ್. 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ರೂಪಿಸಿದ ಎಂಟು ವಾರಗಳ ತರಬೇತಿ, ವಾಸಿಯಾಗದ ನೋವಿನಿಂದ ನರಳುವ ರೋಗಿಗಳನ್ನು ಉದ್ದೇಶಿಸಿತ್ತು. ಧಾರ್ಮಿಕ ಆವರಣ ಕಳಚಿದ ಈ ವಿಧಾನವೇ ಮುಂದೆ ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಲ್ಲಿ ಕಂಪನಿಗಳನ್ನು ಪ್ರವೇಶಿಸಿತು. ಕನ್ನಡದಲ್ಲಿ ಇದನ್ನು ‘ಸಾವಧಾನತೆ’ ಎನ್ನಬಹುದು. ಸಾವಧಾನ ಎಂಬ ಪದಕ್ಕೆ ಎಚ್ಚರ ಎಂಬ ಅರ್ಥವೂ ಇದೆ, ಆತುರವಿಲ್ಲದಿರುವಿಕೆ ಎಂಬ ಅರ್ಥವೂ ಇದೆ. ಇಲ್ಲಿ ಎರಡೂ ಬೇಕು.

ಶಿವಮೊಗ್ಗ ಜಿಲ್ಲೆಗೂ ಈ ಕಥೆಯಲ್ಲಿ ಪಾಲಿದೆ. ಆರ್ಟ್ ಆಫ್ ಲಿವಿಂಗ್ ಸಂಸ್ಥೆ ಹೇಳಿಕೊಳ್ಳುವಂತೆ, ಶ್ರೀ ಶ್ರೀ ರವಿಶಂಕರ್ ಅವರು 1982ರಲ್ಲಿ ಇಲ್ಲಿನ ಭದ್ರಾ ತೀರದಲ್ಲಿ ಹತ್ತು ದಿನ ಮೌನದಲ್ಲಿದ್ದಾಗ ಸುದರ್ಶನ ಕ್ರಿಯೆ ರೂಪುಗೊಂಡಿತು. ಇದು ಉಸಿರಾಟದ ಲಯವನ್ನು ಆಧರಿಸಿದ ಅಭ್ಯಾಸ.

ಸಂಶೋಧನೆ ಏನು ಹೇಳುತ್ತದೆ?

ಧ್ಯಾನದ ಬಗೆಗಿನ ಹೊಗಳಿಕೆಗಳನ್ನು ಬದಿಗಿಟ್ಟು ಪ್ರಯೋಗಗಳ ಫಲಿತಾಂಶವನ್ನಷ್ಟೇ ನೋಡಿದರೆ ಚಿತ್ರ ಸ್ವಲ್ಪ ಸಂಯಮದಿಂದ ಕೂಡಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸುದರ್ಶನ ಕ್ರಿಯೆಯ ಕುರಿತು ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ರೋಗಿಗಳನ್ನು ಮೂರು ಗುಂಪು ಮಾಡಿ ನಾಲ್ಕು ವಾರ ಹೋಲಿಸಲಾಯಿತು. ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ. 93, ಇಮಿಪ್ರಮಿನ್ ಔಷಧ ಪಡೆದವರಲ್ಲಿ ಶೇ. 73 ಹಾಗೂ ಸುದರ್ಶನ ಕ್ರಿಯೆ ಮಾಡಿದವರಲ್ಲಿ ಶೇ. 67ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು. ಉಸಿರಾಟದ ಅಭ್ಯಾಸವೊಂದು ಔಷಧಕ್ಕೆ ಸಮೀಪ ನಿಂತದ್ದು ಗಮನ ಸೆಳೆಯಿತು. ಆದರೆ ಅದು ಸಣ್ಣ ಅಧ್ಯಯನ. ಅಲ್ಲದೆ ಅಲ್ಲಿದ್ದವರು ವೈದ್ಯರ ಕಣ್ಗಾವಲಿನಲ್ಲಿದ್ದ ರೋಗಿಗಳೇ ಹೊರತು ಕಚೇರಿಯಲ್ಲಿ ದಣಿದ ನೌಕರರಲ್ಲ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರು 2014ರಲ್ಲಿ ಒಟ್ಟು 3,515 ಮಂದಿ ಪಾಲ್ಗೊಂಡಿದ್ದ 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದರು. ಸಾವಧಾನತೆಯ ಧ್ಯಾನದಿಂದ ಆತಂಕ, ಖಿನ್ನತೆ ಹಾಗೂ ನೋವು ಸಾಧಾರಣ ಪ್ರಮಾಣದಲ್ಲಿ ತಗ್ಗುತ್ತವೆ ಎಂಬುದಕ್ಕೆ ಮಧ್ಯಮ ದರ್ಜೆಯ ಪುರಾವೆ ದೊರೆಯಿತು. ಆದರೆ ವ್ಯಾಯಾಮ, ಔಷಧ ಮುಂತಾದ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನವೇ ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಸಹೋದ್ಯೋಗಿಗಳೊಂದಿಗಿನ ಸಂಬಂಧದ ವಿಷಯಕ್ಕೆ ಬಂದರೆ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫ್ರೆಡ್ರಿಕ್‌ಸನ್ ಹಾಗೂ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಲೇಖಾರ್ಹ. ಕಂಪ್ಯೂಟರ್ ಕಂಪನಿಯೊಂದರ ನೌಕರರಲ್ಲಿ ಅರ್ಧದಷ್ಟು ಮಂದಿಗೆ ಏಳು ವಾರಗಳ ಕಾಲ ‘ಮೈತ್ರಿ ಧ್ಯಾನ’ ಕಲಿಸಲಾಯಿತು. ತನಗೆ, ತನ್ನವರಿಗೆ, ಬಳಿಕ ಪರಿಚಿತರಿಗೆ ಹಾಗೂ ಸಕಲರಿಗೆ ಒಳಿತಾಗಲೆಂದು ಮನಸ್ಸಿನಲ್ಲೇ ಹಾರೈಸುವ ಅಭ್ಯಾಸವಿದು. ಆರಂಭದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ವಾರಗಳು ಕಳೆದಂತೆ ಅಭ್ಯಾಸ ಮಾಡಿದವರ ದಿನನಿತ್ಯದ ಪ್ರಸನ್ನತೆ ಕ್ರಮೇಣ ಏರಿತು. ಇತರರೊಂದಿಗಿನ ಸಂಬಂಧ ಸುಧಾರಿಸಿತು. ತಮಗೆ ಜೊತೆಗಾರರ ಆಸರೆಯಿದೆ ಎಂಬ ಭಾವನೆಯೂ ಬಲಗೊಂಡಿತು. ಧ್ಯಾನ ಮಾತ್ರೆಯಂತೆ ಕೂಡಲೇ ಕೆಲಸ ಮಾಡುವುದಿಲ್ಲ, ನಿಧಾನವಾಗಿ ಫಲ ಕೊಡುವ ಅಡಿಕೆ ಸಸಿಯಂತೆ ಎಂಬುದು ಇದರ ಸಾರ.

ಮಾತಿಗೂ ಸಿಟ್ಟಿಗೂ ನಡುವಿನ ಅಂತರ

ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದಕ್ಕೂ ಪಕ್ಕದ ಮೇಜಿನವರೊಂದಿಗಿನ ಸಂಬಂಧಕ್ಕೂ ಏನು ನಂಟು? ಉತ್ತರ ಅಭ್ಯಾಸದ ಸ್ವರೂಪದಲ್ಲಿಯೇ ಇದೆ.

ಉಸಿರನ್ನು ಗಮನಿಸಲು ಕುಳಿತ ಒಂದೆರಡು ನಿಮಿಷಗಳಲ್ಲೇ ಮನಸ್ಸು ಬೇರೆಡೆಗೆ ಓಡುತ್ತದೆ. ಓಡಿತೆಂದು ಗೊತ್ತಾದೊಡನೆ ಅದನ್ನು ಬೈಯದೆ ಮರಳಿ ಉಸಿರಿನತ್ತ ತರಬೇಕು. ಮತ್ತೆ ಓಡುತ್ತದೆ, ಮತ್ತೆ ತರಬೇಕು. ಮನಸ್ಸು ಓಡದಿರುವುದೇ ಧ್ಯಾನವೆಂದು ತಿಳಿದು ಬಹುಮಂದಿ ಮೂರನೆಯ ದಿನಕ್ಕೇ ಕೈಬಿಡುತ್ತಾರೆ. ಓಡಿದ್ದನ್ನು ಗುರುತಿಸುವ ಆ ಕ್ಷಣವೇ ಅಭ್ಯಾಸದ ತಿರುಳು. ದಿನಕ್ಕೆ ಐವತ್ತು ಬಾರಿ ಹೀಗೆ ಗುರುತಿಸಿ ರೂಢಿಯಾದವರಿಗೆ, ಕಚೇರಿಯಲ್ಲಿ ಸಿಟ್ಟು ಏಳುವಾಗ ಅದು ಏಳುತ್ತಿದೆ ಎಂಬುದು ಸ್ವಲ್ಪ ಮುಂಚಿತವಾಗಿ ತಿಳಿಯುತ್ತದೆ. ಕಿವಿ ಬಿಸಿಯಾಗುವುದು, ದವಡೆ ಬಿಗಿಯುವುದು, ಉತ್ತರ ನಾಲಿಗೆಯ ತುದಿಗೆ ಬರುವುದು ಇವೆಲ್ಲ ಅರಿವಿಗೆ ಬರುತ್ತವೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಆಡುವ ಮುನ್ನ ನೆನಪಾಗುವುದಿಲ್ಲ, ಆಡಿದ ಮೇಲೆ ನೆನಪಾಗುತ್ತದೆ. ಧ್ಯಾನ ಆ ನೆನಪನ್ನು ಒಂದೆರಡು ಕ್ಷಣ ಮುಂದಕ್ಕೆ ತರುತ್ತದೆ. ಸಿಟ್ಟಿಗೂ ಮಾತಿಗೂ ನಡುವೆ ಹುಟ್ಟುವ ಆ ಅಂತರದಲ್ಲಿ ಸಂಬಂಧ ಉಳಿಯುತ್ತದೆ.

ಇದಕ್ಕೆ ದೇಹದ ನೆರವೂ ಇದೆ. ಉಸಿರನ್ನು ನಿಧಾನವಾಗಿ, ಒಳಗೆ ಎಳೆದುಕೊಂಡದ್ದಕ್ಕಿಂತ ದೀರ್ಘವಾಗಿ ಹೊರಬಿಟ್ಟಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಅಪಾಯ ಕಳೆಯಿತೆಂಬ ಸೂಚನೆ ದೇಹಕ್ಕೆ ಸಿಗುತ್ತದೆ. ಹಿರಿಯರು ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿ ಎಂದು ಹೇಳುತ್ತಿದ್ದುದರ ಹಿಂದೆಯೂ ಇದೇ ಬಗೆಯ ತಿಳಿವಳಿಕೆ ಇತ್ತು.

ನಾಲ್ಕು ಬಗೆಯ ಸಹೋದ್ಯೋಗಿಗಳು, ನಾಲ್ಕು ಭಾವಗಳು

ಪತಂಜಲಿಯ ಯೋಗಸೂತ್ರದಲ್ಲಿ ಚಿತ್ತದ ಪ್ರಸನ್ನತೆಗೆ ನಾಲ್ಕು ಭಾವಗಳನ್ನು ಹೇಳಲಾಗಿದೆ: ಮೈತ್ರಿ, ಕರುಣೆ, ಮುದಿತ ಹಾಗೂ ಉಪೇಕ್ಷೆ. ಬೌದ್ಧ ಪರಂಪರೆಯಲ್ಲೂ ಇದೇ ನಾಲ್ಕು ‘ಬ್ರಹ್ಮವಿಹಾರ’ಗಳೆಂದು ಹೆಸರಾಗಿವೆ. ಇವು ಕಾಡಿನಲ್ಲಿ ಒಬ್ಬಂಟಿಯಾಗಿರುವವನಿಗಿಂತ ನಾಲ್ಕು ಜನರ ನಡುವೆ ಬದುಕುವವನಿಗೇ ಹೆಚ್ಚು ಬೇಕಾದವು.

ಸುಖವಾಗಿರುವವರ ಬಗ್ಗೆ ಮೈತ್ರಿ. ಬಡ್ತಿ ಪಡೆದ ಸಹೋದ್ಯೋಗಿಯನ್ನು ಕಂಡಾಗ ಎದೆಯಲ್ಲಿ ಏಳುವ ಅಸೂಯೆಗೆ ಇದು ಮದ್ದು. ಕಷ್ಟದಲ್ಲಿರುವವರ ಬಗ್ಗೆ ಕರುಣೆ. ಮನೆಯಲ್ಲಿ ಕಾಯಿಲೆಯವರಿದ್ದು ತಡವಾಗಿ ಬಂದವರನ್ನು ನೋಡುವ ಬಗೆ ಇದರಿಂದ ಬದಲಾಗುತ್ತದೆ. ಒಳ್ಳೆಯ ಕೆಲಸ ಮಾಡುವವರ ಬಗ್ಗೆ ಮುದಿತ, ಅಂದರೆ ಮೆಚ್ಚಿ ಸಂತೋಷಪಡುವುದು. ನಮ್ಮ ಕಚೇರಿಗಳಲ್ಲಿ ತೀರ ವಿರಳವಾದದ್ದು ಇದೇ ಇರಬೇಕು. ಬಿಳ್ಕೊಡುಗೆ ಸಮಾರಂಭದವರೆಗೆ ಯಾರೂ ಯಾರನ್ನೂ ಮನಸಾರೆ ಹೊಗಳುವುದಿಲ್ಲ!

ನಾಲ್ಕನೆಯದಾದ ಉಪೇಕ್ಷೆ ಕೆಡುಕು ಮಾಡುವವರ ಕುರಿತಾದದ್ದು. ಇಲ್ಲಿ ಒಂದು ಎಚ್ಚರ ಬೇಕು. ಕನ್ನಡದ ದಿನಬಳಕೆಯಲ್ಲಿ ಉಪೇಕ್ಷೆ ಎಂದರೆ ಅಸಡ್ಡೆ, ಕಡೆಗಣನೆ. ಯೋಗದ ಪರಿಭಾಷೆಯಲ್ಲಿ ಅದು ಕದಡದ ಸಮಚಿತ್ತ. ಚಾಡಿ ಹೇಳುವ ಸಹೋದ್ಯೋಗಿಯ ಚಾಡಿಯಿಂದ ತನ್ನ ನಿದ್ರೆ ಕೆಡಿಸಿಕೊಳ್ಳದಿರುವುದು ಉಪೇಕ್ಷೆ. ಆದರೆ ಆತ ಸಂಘದ ಹಣ ದುರುಪಯೋಗ ಮಾಡಿದರೆ ಕಣ್ಣು ಮುಚ್ಚಿಕೊಳ್ಳುವುದು ಉಪೇಕ್ಷೆಯಲ್ಲ, ಕರ್ತವ್ಯಲೋಪ.

ಆರಂಭಿಸುವುದು ಹೇಗೆ?

ದುಬಾರಿ ಶಿಬಿರ, ವಿಶೇಷ ಕೊಠಡಿ ಯಾವುದೂ ಅಗತ್ಯವಿಲ್ಲ. ಹೊಸಬರು ದಿನಕ್ಕೆ ಹತ್ತು ನಿಮಿಷದಿಂದ ತೊಡಗಬಹುದು.

* ಬೆಳಿಗ್ಗೆ ಮೊಬೈಲ್ ಕೈಗೆತ್ತಿಕೊಳ್ಳುವ ಮುನ್ನ ನಿಗದಿತ ಸ್ಥಳದಲ್ಲಿ ಕುಳಿತುಕೊಳ್ಳಿ. ನೆಲದ ಮೇಲೆ ಕೂರಲಾಗದಿದ್ದರೆ ಕುರ್ಚಿಯೂ ಆದೀತು. ಬೆನ್ನು ನೇರವಾಗಿರಲಿ, ಬಿಗಿಯಾಗಿರುವುದು ಬೇಡ.

* ಮೂಗಿನ ಹೊಳ್ಳೆಗಳಲ್ಲಿ ಉಸಿರು ಬಂದುಹೋಗುವುದನ್ನು ಗಮನಿಸಿ. ಉಸಿರನ್ನು ಬದಲಿಸುವುದು ಬೇಡ. ಮನಸ್ಸು ಅಲೆದಾಡಿದರೆ ಸುಮ್ಮನೆ ಮರಳಿ ತನ್ನಿ.

* ಕೊನೆಯ ಎರಡು ನಿಮಿಷ ಮೈತ್ರಿ ಧ್ಯಾನಕ್ಕಿರಲಿ. ಮೊದಲು ನಿಮಗೆ, ನಂತರ ಪ್ರೀತಿಪಾತ್ರರಿಗೆ, ಬಳಿಕ ಕಚೇರಿಯ ಒಬ್ಬರಿಗೆ ಒಳಿತನ್ನು ಹಾರೈಸಿ. ಅತ್ಯಂತ ಕಿರಿಕಿರಿ ಉಂಟುಮಾಡುವವರಿಂದಲೇ ಆರಂಭಿಸುವ ಸಾಹಸ ಬೇಡ. ಅವರ ಸರದಿ ಮೂರನೆಯ ವಾರದಲ್ಲಿ ಬರಲಿ.

* ಕಚೇರಿಯಲ್ಲಿ ದೂರವಾಣಿ ಗಂಟೆ ಬಾರಿಸಿದಾಗ ಅಥವಾ ಖಾರವಾದ ಸಂದೇಶ ಬಂದಾಗ ಉತ್ತರಿಸುವ ಮುನ್ನ ಮೂರು ದೀರ್ಘ ಉಸಿರು ಬಿಡಿ. ಬರೆದ ಉತ್ತರವನ್ನು ಕೂಡಲೇ ಕಳುಹಿಸದೆ ಹತ್ತು ನಿಮಿಷ ತಡೆಯಿರಿ.

* ಸಹೋದ್ಯೋಗಿ ಮಾತನಾಡುತ್ತಿರುವಾಗ ಅದಕ್ಕೆ ಉತ್ತರ ಹೆಣೆಯುವುದನ್ನು ಬಿಟ್ಟು ಮಾತು ಮುಗಿಯುವವರೆಗೆ ಕೇಳಿ. ಉಸಿರಿನ ಬದಲು ಎದುರಿನವರ ಮಾತೇ ಇಲ್ಲಿ ಧ್ಯಾನದ ವಸ್ತು.

ಕೇಂದ್ರದ ಆಯುಷ್ ಸಚಿವಾಲಯವು ಕಚೇರಿ ನೌಕರರಿಗಾಗಿ ‘ವೈ-ಬ್ರೇಕ್’ ಎಂಬ ಐದು ನಿಮಿಷದ ಅಭ್ಯಾಸವನ್ನು ರೂಪಿಸಿ, 2021ರ ಸೆಪ್ಟೆಂಬರ್‌ನಲ್ಲಿ ಅದರ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿತು. ಸರಳ ಆಸನ, ಪ್ರಾಣಾಯಾಮ ಹಾಗೂ ಧ್ಯಾನ ಇದರಲ್ಲಿವೆ. ವಿಶ್ವಸಂಸ್ಥೆಯು 2024ರ ಡಿಸೆಂಬರ್‌ನಲ್ಲಿ, ಪ್ರತಿವರ್ಷ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವಾಗಿ ಆಚರಿಸಲು ನಿರ್ಣಯ ಕೈಗೊಂಡಿದೆ. ದಿನಾಚರಣೆಯ ಉತ್ಸಾಹ ಮರುದಿನಕ್ಕೂ ಉಳಿದರೆ ಮಾತ್ರ ಅದರಿಂದ ಪ್ರಯೋಜನ.

ಧ್ಯಾನ ಮಾಡಲಾರದ್ದು

ಈಗ ನಾಣ್ಯದ ಇನ್ನೊಂದು ಮುಖ. ಮನಶ್ಶಾಸ್ತ್ರಜ್ಞರಾದ ಆಂಡ್ರ್ಯೂ ಹಾಫೆನ್‌ಬ್ರಾಕ್ ಹಾಗೂ ಕ್ಯಾಥ್ಲೀನ್ ವೋಹ್ಸ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಧ್ಯಾನ ಮಾಡಿದ ಕೂಡಲೇ ನೀರಸ ಕೆಲಸ ಕೈಗೆತ್ತಿಕೊಳ್ಳುವ ಉತ್ಸಾಹ ಕುಗ್ಗುವುದು ಕಂಡುಬಂತು. ಕೆಲಸದ ಗುಣಮಟ್ಟವೇನೂ ಕೆಡಲಿಲ್ಲ. ಹಾಫೆನ್‌ಬ್ರಾಕ್ ಮತ್ತಿತರರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಕುತೂಹಲಕರ. ಬೇರೆಯವರಿಗೆ ತಪ್ಪು ಮಾಡಿದವರು ಉಸಿರಿನ ಧ್ಯಾನಕ್ಕೆ ಕುಳಿತಾಗ ಅವರ ಅಪರಾಧಪ್ರಜ್ಞೆ ತಗ್ಗಿತು. ಜೊತೆಗೆ ತಪ್ಪನ್ನು ಸರಿಪಡಿಸಬೇಕೆಂಬ ತುಡಿತವೂ ತಗ್ಗಿತು! ಮೈತ್ರಿ ಧ್ಯಾನದಲ್ಲಿ ಈ ದೋಷ ಅಷ್ಟಾಗಿ ಕಾಣಲಿಲ್ಲ.

ಅರ್ಥ ಸ್ಪಷ್ಟ. ನಮ್ಮ ಉದಾಹರಣೆಯ ಕಾರ್ಯದರ್ಶಿ, ಗುಮಾಸ್ತರ ಮೇಲೆ ವಿನಾಕಾರಣ ರೇಗಿದ ಬಳಿಕ ಕಣ್ಣು ಮುಚ್ಚಿ ಶಾಂತರಾದರೆ ಸಾಲದು. ಎದ್ದು ಹೋಗಿ ‘ತಪ್ಪಾಯಿತು’ ಎನ್ನಬೇಕು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂಬ ಗಾದೆ ಧ್ಯಾನ ಮಾಡುವವರಿಗೂ ಅನ್ವಯಿಸುತ್ತದೆ.

ಎಲ್ಲರಿಗೂ ಧ್ಯಾನ ಒಗ್ಗುತ್ತದೆ ಎಂದೂ ಹೇಳಲಾಗದು. 83 ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ಪರಿಶೀಲನೆಯೊಂದರ ಪ್ರಕಾರ, ಧ್ಯಾನ ಮಾಡುವವರಲ್ಲಿ ಸುಮಾರು ಶೇ. 8ರಷ್ಟು ಮಂದಿ ಆತಂಕ, ಖಿನ್ನತೆಯಂತಹ ಅಹಿತಕರ ಅನುಭವಗಳನ್ನು ವರದಿ ಮಾಡಿದ್ದಾರೆ. ಗಂಭೀರ ಮಾನಸಿಕ ಕಾಯಿಲೆಯ ಹಿನ್ನೆಲೆಯುಳ್ಳವರು ದೀರ್ಘ ಮೌನ ಶಿಬಿರಗಳಿಗೆ ಹೋಗುವ ಮುನ್ನ ವೈದ್ಯರ ಸಲಹೆ ಪಡೆಯುವುದು ಕ್ಷೇಮ. ಸೇವಿಸುತ್ತಿರುವ ಔಷಧವನ್ನು ಧ್ಯಾನದ ಭರವಸೆಯಲ್ಲಿ ತಾವಾಗಿ ನಿಲ್ಲಿಸುವುದು ಅಪಾಯಕಾರಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಮಾಲೀಕರಿಗೆ ಸಂಬಂಧಿಸಿದ್ದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷಾ ಮಾಹಿತಿಯನ್ನು ವಿಶ್ಲೇಷಿಸಿದರು. ಸಾವಧಾನತೆಯ ತರಬೇತಿ, ಒತ್ತಡ ನಿರ್ವಹಣೆ, ಆರೋಗ್ಯದ ಆ್ಯಪ್ ಮುಂತಾದ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಉತ್ತಮ ಸ್ಥಿತಿಯಲ್ಲೇನೂ ಇರಲಿಲ್ಲ. ಸ್ವಯಂಸೇವೆಯ ಅವಕಾಶ ಮಾತ್ರ ಇದಕ್ಕೆ ಅಪವಾದವಾಗಿತ್ತು. ವೇಳಾಪಟ್ಟಿ, ವೇತನ, ಕೆಲಸದ ಹಂಚಿಕೆಗಳನ್ನು ಸರಿಪಡಿಸದೆ ನೌಕರನನ್ನಷ್ಟೇ ಸರಿಪಡಿಸಲು ಹೊರಡುವುದರಿಂದ ಫಲವಿಲ್ಲ ಎಂಬುದು ಇದರ ಸೂಚನೆ.

ಐವರ ಕೆಲಸವನ್ನು ಇಬ್ಬರಿಗೆ ವಹಿಸಿ, ಸಂಜೆ ಅರ್ಧ ಗಂಟೆ ಧ್ಯಾನಕ್ಕೆ ಕೂರಿಸುವುದು ಪರಿಹಾರವಲ್ಲ. ಹಾಗೆ ಕೂರಿಸಿದ ಅರ್ಧ ಗಂಟೆಯೂ ಕೆಲಸದ ಹೊರೆಗೆ ಸೇರುತ್ತದೆ. ಖಾಲಿ ಹುದ್ದೆ ತುಂಬುವುದು, ರಜೆ ಮಂಜೂರು ಮಾಡುವುದು, ಗೌರವಧನವನ್ನು ಸಕಾಲದಲ್ಲಿ ನೀಡುವುದು ಆಡಳಿತದ ಹೊಣೆ. ಧ್ಯಾನವನ್ನು ಕಡ್ಡಾಯ ಮಾಡುವುದೂ ತರವಲ್ಲ. ಒಬ್ಬರಿಗೆ ಅದು ಧಾರ್ಮಿಕವೆನಿಸಬಹುದು, ಇನ್ನೊಬ್ಬರಿಗೆ ನಡಿಗೆ, ಸಂಗೀತ ಇಲ್ಲವೇ ತೋಟದ ಕೆಲಸವೇ ನೆಮ್ಮದಿ ಕೊಡಬಹುದು.

ಕಿರುಕುಳಕ್ಕಂತೂ ಧ್ಯಾನ ಮದ್ದಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಚೇರಿಗಳ ಮಹಿಳೆಯರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಮಲೆನಾಡಿನ ಬಹುತೇಕ ಹಳ್ಳಿ ಕಚೇರಿಗಳು ಈ ಎರಡನೆಯ ವರ್ಗಕ್ಕೆ ಸೇರುತ್ತವೆ ಎಂಬುದನ್ನು ಮರೆಯಬಾರದು.

ಎರಡು ವಾರ ಮೀರಿದರೂ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಒತ್ತಡದ ಎಲ್ಲೆ ದಾಟಿದೆ ಎಂದರ್ಥ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು. ಈ ರಾಷ್ಟ್ರೀಯ ಯೋಜನೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಿ.

ಬೆಟ್ಟ ಇಳಿದ ಮೇಲೆ

ಮತ್ತೆ ಆ ಸಹಕಾರ ಸಂಘದ ಕಚೇರಿಗೆ ಮರಳೋಣ. ಸರ್ವರ್ ಇನ್ನೂ ಬಂದಿಲ್ಲ. ಐದನೆಯ ಬಾರಿ ಕರೆ ಬರುತ್ತದೆ. ಕಾರ್ಯದರ್ಶಿ ಫೋನ್ ಕೆಳಗಿಟ್ಟು ಮೂರು ಉಸಿರು ಬಿಡುತ್ತಾರೆ. ಗುಮಾಸ್ತರನ್ನು ಕರೆದು, ‘ಅಂಕಿಅಂಶ ಸಂಜೆ ಕೊಡೋಣ, ಮೊದಲು ನಿಂತವರಿಗೆ ಟೋಕನ್ ಕೊಟ್ಟುಬಿಡಿ’ ಎನ್ನುತ್ತಾರೆ. ಕೆಲಸ ಕಡಿಮೆಯಾಗಿಲ್ಲ, ಮೇಲಿನ ಕಚೇರಿ ಬದಲಾಗಿಲ್ಲ. ಬದಲಾದದ್ದು ಒಂದು ವಾಕ್ಯ ಮಾತ್ರ. ಆದರೆ ಪಹಣಿ ಹಿಡಿದು ನಿಂತ ರೈತ ಆ ದಿನ ಬೈಗುಳ ತಿನ್ನದೆ ಮನೆಗೆ ಹೋಗುತ್ತಾನೆ. ಇನ್ನೊಬ್ಬ ಸಿಬ್ಬಂದಿಗಾಗಿ ಆಡಳಿತ ಮಂಡಳಿಗೆ ಪತ್ರ ಬರೆಯುವಷ್ಟು ತಾಳ್ಮೆಯೂ ಕಾರ್ಯದರ್ಶಿಗೆ ಉಳಿದಿರುತ್ತದೆ.

ಕೊಡಚಾದ್ರಿಯ ತುದಿಗೆ ಹೋದವರು ಯಾರೂ ಅಲ್ಲಿಯೇ ಉಳಿಯುವುದಿಲ್ಲ. ಸೂರ್ಯಾಸ್ತ ನೋಡಿ ಕೆಳಗಿಳಿಯುತ್ತಾರೆ. ಸೋಮವಾರ ಬೆಳಿಗ್ಗೆ ಎಲ್ಲರೂ ತಂತಮ್ಮ ಮೇಜಿಗೆ ಮರಳಲೇಬೇಕು. ಧ್ಯಾನದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ.